ಫುಟ್‌ಬಾಲ್ ಕಾರ್ಡು ಮೀಮಾಂಸೆ: ಅಂಚಿನ ಅಧ್ಯಾಯ

ಶಾಸ್ತ್ರಗ್ರಂಥ ಬರೆಯುವವರು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲೇ ಹೇಳಿಬಿಡಬೇಕೆಂಬುದು ಹಿರಿಯರು ಹಾಕಿಕೊಟ್ಟ ಕ್ರಮ. ಇಲ್ಲಿನ ವಿಷಯ, ಹೊಸದಾಗಿ ಬಿಡುಗಡೆಯಾಗುವ ಫುಟ್‌ಬಾಲ್ ಕಾರ್ಡುಗಳ ಅಂದ ಮತ್ತು ಬೆಲೆ. ಪ್ರಯೋಜನ, ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದದ ರಟ್ಟಿಗೆ ಸಂಬಳ ಸುರಿದದ್ದಕ್ಕೆ ಮನೆಯವರೆದುರು ಒಂದು ಸಮಜಾಯಿಷಿ. ಅಂದಕ್ಕೂ ಬೆಲೆಗೂ ಸಂಬಂಧವಿದೆಯೇ ಎಂಬುದೇ ವಿವಾದವಾದ್ದರಿಂದ ಸಂಬಂಧವನ್ನು ಸದ್ಯಕ್ಕೆ ಮುಂದೂಡಲಾಗಿದೆ. ಅಧಿಕಾರಿಯಾದವನು ಸೀಲು ಹಾಕಿದ ಡಬ್ಬಿಯನ್ನು ಒಡೆಯದೆ ಬೀರುವಿನಲ್ಲಿಡಬಲ್ಲ ಜಿತೇಂದ್ರಿಯ. ಅವನಿಗೆ ಆಫ್‌ಸೈಡ್ ಎಂದರೇನೆಂದು ಗೊತ್ತಿರಬೇಕಾಗಿಲ್ಲ.

ಕಾವ್ಯದ ಆತ್ಮ ರೀತಿ ಎಂದ ವಾಮನ. ಅಲ್ಲ, ಧ್ವನಿ ಎಂದ ಆನಂದವರ್ಧನ. ಹಾಗಾದರೆ ಕಾರ್ಡಿನ ಆತ್ಮ ಯಾವುದು? 'ಆಟಗಾರ' ಎನ್ನುತ್ತಾನೆ ಪೂರ್ವಪಕ್ಷಿ. ಪಾಪ, ಪೂರ್ವಪಕ್ಷಿ ಇನ್ನೂ ಟಿ.ವಿ.ಯಲ್ಲಿ ಪಂದ್ಯ ನೋಡುವ ಅಮಾಯಕ. ಅದೇ ಆಟಗಾರ, ಅದೇ ಫೋಟೋ, ಅದೇ ಅಚ್ಚು ಇರುವ ಎರಡು ಕಾರ್ಡುಗಳಲ್ಲಿ ಪರೀಕ್ಷಕರಿಂದ ಒಂದಕ್ಕೆ ಹತ್ತರಲ್ಲಿ 9 ಅಂಕ ಬಂದು ಇನ್ನೊಂದಕ್ಕೆ 10 ಬಂದರೆ ಎರಡನೆಯದು ಮೊದಲನೆಯದರ ಹಲವು ಪಟ್ಟು ಬೆಲೆಗೆ ಹೋಗುವುದುಂಟು. ಆತ್ಮ ಎರಡರಲ್ಲೂ ಒಂದೇ ಆಗಿದ್ದರೆ ಈ ಭೇದ ಎಲ್ಲಿಂದ ಬಂತು? ಅಂಚಿನಿಂದ. ಆದ್ದರಿಂದ ಅಂಚೇ ಕಾರ್ಡಿನ ಆತ್ಮ ಎಂಬುದು ಸಿದ್ಧಾಂತ.

ಇನ್ನು ದೋಷಪ್ರಕರಣ. ಕಾರ್ಡಿನಲ್ಲಿ ಗುಣ ಹುಡುಕುವ ಪದ್ಧತಿ ಇಲ್ಲದ ಕಾರಣ ಈ ಪ್ರಕರಣ ಸ್ವಲ್ಪ ಉದ್ದ. 1991ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಪಿಎಸ್‌ಎ ಎಂಬ ಸಂಸ್ಥೆಗೆ ಕಾರ್ಡು ಕಳಿಸಿ ಶುಲ್ಕ ಕಟ್ಟಿದರೆ ಅವರು ನಾಲ್ಕು ಸಂಗತಿ ನೋಡುತ್ತಾರೆ: ಚಿತ್ರ ನಟ್ಟನಡುವೆ ಕೂತಿದೆಯೇ, ಮೂಲೆ ಚೂಪಾಗಿದೆಯೇ, ಅಂಚು ಸವೆದಿದೆಯೇ, ಮೈಮೇಲೆ ಗೀರು ಇದೆಯೇ. ಗಂಡು ಹೆಣ್ಣು ನೋಡುವ ಶಾಸ್ತ್ರದಲ್ಲೂ ಇಷ್ಟು ನಿಷ್ಠುರತೆ ಇಲ್ಲ. ಹತ್ತಕ್ಕೆ ಹತ್ತು ಬೇಕಾದರೆ ಮುಂಬದಿಯ ಎಡಬಲದ ಅಂಚುಗಳ ಪಾಲು 55ಕ್ಕೆ 45ರ ಆಸುಪಾಸಿನಲ್ಲೇ ಇರಬೇಕು. ಎರಡೂ ಅಂಚು ಸೇರಿ ಆರು ಮಿಲಿಮೀಟರ್ ಇದ್ದರೆ ಒಂದು ಕಡೆ 3.3, ಇನ್ನೊಂದು ಕಡೆ 2.7, ಅದರಾಚೆ ಕ್ಷಮೆಯಿಲ್ಲ. ಹಿಂಬದಿಗೆ ಮಾತ್ರ 75ಕ್ಕೆ 25ರವರೆಗೂ ರಿಯಾಯಿತಿ. ಆಟಗಾರನ ಗೋಲು, ಪಂದ್ಯ, ಹುಟ್ಟೂರು ಎಲ್ಲ ಅಚ್ಚಾಗಿರುವುದು ಆ ಹಿಂಬದಿಯಲ್ಲೇ ಎಂಬುದನ್ನು ವಿದ್ಯಾರ್ಥಿಗಳು ಗಮನಿಸತಕ್ಕದ್ದು. ಪರೀಕ್ಷೆ ಮುಗಿದ ಕಾರ್ಡನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಭದ್ರವಾಗಿ ಮುಚ್ಚಿ ಕಳಿಸುತ್ತಾರೆ. ಆಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ. ಇಷ್ಟು ಮಡಿ ನಮ್ಮ ಅಜ್ಜಿಯಂದಿರಿಗೂ ಸಾಧ್ಯವಾಗಿರಲಿಲ್ಲ.

ಅಲಂಕಾರದ ಮಾತಿಗೆ ಬಂದರೆ, ಈಗಿನ ವಿನ್ಯಾಸಕಾರರಿಗೆ ಗೊತ್ತಿರುವ ಅಲಂಕಾರ ಒಂದೇ, ಮಿಂಚು. ಮೈದಾನ, ಹುಲ್ಲು, ಜನ ಎಲ್ಲವನ್ನೂ ಅಳಿಸಿ ಆ ಜಾಗಕ್ಕೆ ಕಾಮನಬಿಲ್ಲು ಸುರಿಯುತ್ತಾರೆ. ಎಷ್ಟೋ ಕಾರ್ಡುಗಳಲ್ಲಿ ಚೆಂಡೇ ಇರುವುದಿಲ್ಲ. ಆಟಗಾರ ಬಾಯ್ತೆರೆದು ಗಾಳಿಯಲ್ಲಿ ತೇಲುತ್ತಿರುತ್ತಾನೆ. ಗೋಲು ಹೊಡೆದನೋ, ಹಲ್ಲುನೋವೋ, ಹೇಳುವುದು ಕಷ್ಟ. ಪಾನಿನಿ ಕಂಪನಿಯ ಲಾಂಛನ ನೋಡಿ. 1950ರ ಜನವರಿಯಲ್ಲಿ ಫಿಯೊರೆಂಟಿನಾ ವಿರುದ್ಧ ಯುವೆಂಟಸ್‌ನ ಡಿಫೆಂಡರ್ ಕಾರ್ಲೊ ಪರೋಲಾ ಅಂತರಿಕ್ಷದಲ್ಲಿ ಅಂಗಾತ ಮಲಗಿ ಹಿಮ್ಮುಖವಾಗಿ ಒದ್ದ ಫೋಟೋದಿಂದ ಹುಟ್ಟಿದ ಚಿತ್ರವದು. ಹರಿದು ಬುಟ್ಟಿಗೆಸೆಯುವ ಪ್ಯಾಕೆಟ್ಟಿನ ಮೇಲಿನ ಆ ಪುಟ್ಟ ಚಿತ್ರದಲ್ಲಿರುವಷ್ಟು ಆಟ ಒಳಗಿನ ಎಷ್ಟೋ ಕಾರ್ಡುಗಳಲ್ಲಿ ಇಲ್ಲವೆಂದು ನನ್ನ ಮತ. ಮಾರುಕಟ್ಟೆಗೆ ಈ ಮತ ಮಾನ್ಯವಲ್ಲ.

ಮಾರುಕಟ್ಟೆ ಬಣ್ಣ ಎಣಿಸುತ್ತದೆ. ಟಾಪ್ಸ್ ಕಂಪನಿಯ ಕ್ರೋಮ್ ಸರಣಿಯಲ್ಲಿ ಒಂದೇ ಚಿತ್ರ ಚಿನ್ನದ ಬಣ್ಣದಲ್ಲಿ 50, ಕಿತ್ತಳೆಯಲ್ಲಿ 25, ಕೆಂಪಿನಲ್ಲಿ ಅದಕ್ಕೂ ಕಡಿಮೆ ಪ್ರತಿ ಅಚ್ಚಾದರೆ, ಸೂಪರ್‌ಫ್ರಾಕ್ಟರ್ ಎಂಬುದು ಇಡೀ ಜಗತ್ತಿಗೆ ಒಂದೇ. ಇಲ್ಲಿ ಅದ್ವೈತ ಸಿದ್ಧಿಸಿತೆಂದು ಸಾಧಕ ಕಣ್ಣು ಮುಚ್ಚುವಷ್ಟರಲ್ಲಿ, ಅದೇ ಕಾರ್ಡನ್ನು ಮುದ್ರಿಸಿದ ನೀಲಿ, ಗುಲಾಬಿ, ಹಳದಿ, ಕಪ್ಪು ಬಣ್ಣದ ತಗಡುಗಳನ್ನೂ ಪ್ಯಾಕೆಟ್ಟಿಗೆ ಹಾಕಿ, ಪ್ರತಿಯೊಂದರ ಮೇಲೂ 'ಒಂದರಲ್ಲಿ ಒಂದು' ಎಂದು ಬರೆಯುತ್ತಾರೆ. ಹೀಗೆ ಏಕಮಾತ್ರವಾದದ್ದು ಐದಾಯಿತು. ಶಂಕರರು ಇದ್ದಿದ್ದರೆ ಇದಕ್ಕೊಂದು ಭಾಷ್ಯ ಬೇಕಾಗುತ್ತಿತ್ತು.

ಧ್ವನಿ, ಅಂದರೆ ಹೇಳದೆ ಹೊಳೆಯಿಸುವುದು, ಇರುವುದು ರೂಕಿ ಕಾರ್ಡಿನಲ್ಲಿ, ಎಂದರೆ ಆಟಗಾರ ಇನ್ನೂ ಹೊಸಬನಾಗಿದ್ದಾಗ ಬಂದ ಕಾರ್ಡಿನಲ್ಲಿ. 1958ರಲ್ಲಿ ಸ್ವೀಡನ್ನಿನ ಆಲಿಫಾಬೊಲಾಗೆಟ್ ಕಂಪನಿ ಅಚ್ಚು ಹಾಕಿದ ಪೆಲೆಯ ಕಾರ್ಡೊಂದು 2022ರಲ್ಲಿ 13 ಲಕ್ಷ ಡಾಲರಿಗೂ ಮೇಲೆ ಮಾರಾಟವಾಯಿತು. ಸ್ವೀಡನ್ನಿನ ವಿಶ್ವಕಪ್ಪಿನಲ್ಲಿ ಪೆಲೆಗೆ 17 ವರ್ಷ. ಮೆಸ್ಸಿಯ ರೂಕಿ ಕಾರ್ಡು 2004ರ ಪಾನಿನಿ ಮೆಗಾಕ್ರ್ಯಾಕ್ಸ್ ಸರಣಿಯ 71ನೇ ನಂಬರಿನದು. ಆಗ ಅವನಿಗೂ 17. ಇದರಿಂದ ತಾರ್ಕಿಕರು ಹೊರಡಿಸಿದ ನಿರ್ಣಯ: 17ರ ಹುಡುಗ ಸಿಕ್ಕಲ್ಲೆಲ್ಲ ಕೊಂಡಿಡಬೇಕು. ಹಾಗೆ ಕೊಂಡಿಟ್ಟವರ ಪೆಟ್ಟಿಗೆಗಳಲ್ಲಿ ನಾಳೆಯ ಮೆಸ್ಸಿಗಳು ಡಜನ್‌ಗಟ್ಟಲೆ ಇದ್ದಾರೆ. ಅವರಲ್ಲಿ ಹಲವರು ಎರಡನೇ ಡಿವಿಷನ್ನಿನ ಬೆಂಚಿನ ಮೇಲೂ ಕೂತಿದ್ದಾರೆ.

ಅಂಟಿಸುವ ಪಂಥವನ್ನೂ ಇಲ್ಲಿ ಹೆಸರಿಸಬೇಕು. ಇಟಲಿಯ ಮೊಡೆನಾದಲ್ಲಿ 1961ರಲ್ಲಿ ಶುರುವಾದ ಪಾನಿನಿ 1970ರಿಂದ ವಿಶ್ವಕಪ್ ಆಲ್ಬಂ ತರುತ್ತಿದೆ. 2022ರ ಆಲ್ಬಮ್ಮಿಗೆ 670 ಸ್ಟಿಕರು, ಪ್ಯಾಕೆಟ್ಟಿಗೆ 5. ಯಾರೊಡನೆಯೂ ಅದಲುಬದಲು ಮಾಡದೆ ಏಕಾಂಗಿಯಾಗಿ ತುಂಬಿಸುತ್ತೇನೆಂದು ಹೊರಟವನಿಗೆ ಲೆಕ್ಕದ ಪ್ರಕಾರ ಸರಾಸರಿ 950 ಪ್ಯಾಕೆಟ್ ಬೇಕು. ಕೊನೆಯ ಒಂದು ಸ್ಟಿಕರಿಗೇ 134. ಅರ್ಜೆಂಟೀನಾದಲ್ಲಿ ಆ ವರ್ಷ ಸ್ಟಿಕರಿನ ಬರ ಬಿದ್ದು, ಸರ್ಕಾರವೇ ಕಂಪನಿಯವರನ್ನೂ ಅಂಗಡಿಯವರನ್ನೂ ಕೂರಿಸಿ ಮಾತಾಡಬೇಕಾಯಿತು. ಆದರೆ ಈ ಪಂಥದವರು ಸ್ಟಿಕರನ್ನು ಕೈಯಿಂದ ಮುಟ್ಟುತ್ತಾರೆ, ಸೊಟ್ಟಗೆ ಅಂಟಿಸುತ್ತಾರೆ, ಹೆಸರು ಓದುತ್ತಾರೆ. ಆದಕಾರಣ ಶಾಸ್ತ್ರಬಾಹ್ಯರು.

ಜರ್ಸಿಯ ತುಂಡು ಹುದುಗಿಸಿದ ಕಾರ್ಡಿನ ಬೆನ್ನನ್ನು ಒಮ್ಮೆ ಓದಿ. ಒಳಗಿನ ಬಟ್ಟೆ ಯಾವುದೇ ನಿರ್ದಿಷ್ಟ ಪಂದ್ಯಕ್ಕಾಗಲಿ, ಸಂದರ್ಭಕ್ಕಾಗಲಿ, ಸೀಸನ್ನಿಗಾಗಲಿ ಸೇರಿದ್ದಲ್ಲ ಎಂಬರ್ಥದ ಸಾಲು ಹಲವು ಕಾರ್ಡುಗಳಲ್ಲಿರುತ್ತದೆ. ಕೆಲವದರಲ್ಲಿ ಆಟಗಾರನಿಗೂ ಸೇರಿದ್ದಲ್ಲ. ಎಲ್ಲವನ್ನೂ ಅಲ್ಲಗಳೆದ ಮೇಲೆ ಉಳಿಯುವ ಆ ಬೆರಳಗಲದ ಪಾಲಿಯೆಸ್ಟರಿಗೆ ಬೆಲೆ ಹೆಚ್ಚು.

ಒಂಬತ್ತು ಅಂಕದ ಕಾರ್ಡಿಗೆ ಗತಿ ಇಲ್ಲವೇ? ಪುನರ್ಜನ್ಮವಿದೆ. ಪ್ಲಾಸ್ಟಿಕ್ ಡಬ್ಬಿಯನ್ನು ಇಕ್ಕಳದಿಂದ ಒಡೆದು, ಅದೇ ಕಾರ್ಡನ್ನು ಹೊಸ ಶುಲ್ಕದೊಡನೆ ಮತ್ತೆ ಪರೀಕ್ಷೆಗೆ ಕಳಿಸುವ ಆಚಾರ ಈ ಹವ್ಯಾಸದಲ್ಲಿ ರೂಢಿಯಲ್ಲಿದೆ. ಪರೀಕ್ಷಕ ಬೇರೆಯಾಗಿದ್ದರೆ, ಇಲ್ಲವೇ ಅವನೇ ತಿಂಡಿ ಮುಗಿಸಿ ಬಂದಿದ್ದರೆ, 10 ದೊರಕಬಹುದು. ಇಕ್ಕಳ ಜಾರಿ ಮೂಲೆ ಮುಕ್ಕಾದಲ್ಲಿ ಕಾರ್ಡನ್ನು ಮನೆಯ ಚಿಕ್ಕ ಮಕ್ಕಳಿಗೆ ದಾನ ಮಾಡತಕ್ಕದ್ದು. ಅವರು ಅದನ್ನು ಕೈಗೆತ್ತಿಕೊಂಡು 'ಇವನು ಯಾವ ಟೀಮು?' ಎಂದು ಕೇಳುವ ಸಂಭವವಿದೆ. ಆ ಪ್ರಶ್ನೆ ಈ ಗ್ರಂಥದ ವ್ಯಾಪ್ತಿಗೆ ಬರುವುದಿಲ್ಲ.