ಸೆಟ್ ದೋಸೆ, ಬೈಟು ಕಾಫಿ

(ಹಾಸನದ ಒಂದು ದರ್ಶಿನಿ. ಗಲ್ಲಾದಲ್ಲಿ ಮಾಲೀಕ ಕಲ್ಲೇಶಿ, ಪಿಯುಸಿ ಫೇಲು. ಎದುರಿಗೆ ಬಾಲ್ಯದ ಗೆಳೆಯ ಸೀನ, ಪಿಎಚ್.ಡಿ.)

ಕಲ್ಲೇಶಿ: ಏನ್ಲಾ ಸೀನ, ಡಾಕ್ಟ್ರಾದ್ಯಂತೆ!

ಸೀನ: ಹೂಂ ಕಣೋ. ಯೂನಿವರ್ಸಿಟಿ ಮೇಷ್ಟ್ರಾಗೋಕೆ ಪಿಎಚ್.ಡಿ. ಕಡ್ಡಾಯ ಅಂತ 2018ರಲ್ಲಿ ಯುಜಿಸಿ ಹೇಳ್ತು. ಗೈಡ್ ಹಿಡಿದೆ.

ಕಲ್ಲೇಶಿ: ಎಸ್ಸೆಸ್ಸೆಲ್ಸೀಲೂ ನಮ್ಮನ್ನ ದಡ ಸೇರಿಸಿದ್ದು ಗೈಡೇ.

ಸೀನ: ಆ ಗೈಡು ನನ್ನ ಚೀಲದಲ್ಲಿತ್ತು. ಈ ಗೈಡಿನ ತರಕಾರಿ ಚೀಲ ನನ್ನ ಕೈಲಿತ್ತು.

ಕಲ್ಲೇಶಿ: ಅಂತೂ ಹೊರೋದು ತಪ್ಪಲಿಲ್ಲ. ಕೆಲಸ ಸಿಕ್ತಾ?

ಸೀನ: ಥೀಸಿಸ್ ಬೈಂಡಿಂಗ್ ಆಗೋ ಹೊತ್ತಿಗೆ 2023 ಬಂತು. ಪಿಎಚ್.ಡಿ. ಕಡ್ಡಾಯವಲ್ಲ, ನೆಟ್ಟೋ ಸೆಟ್ಟೋ ಇದ್ರೆ ಸಾಕು ಅಂದ್ಬಿಟ್ರು.

ಕಲ್ಲೇಶಿ: ನೆಟ್ಟು ಮೊಬೈಲಲ್ಲಿದೆ, ಸೆಟ್ಟು ಕಾವಲಿ ಮೇಲಿದೆ. ನಾನೂ ಒಂದು ಅರ್ಜಿ ಹಾಕ್ಲಾ?

ಸೀನ: ನಗಬೇಡ. ಈಗ ನಾನು ಅತಿಥಿ ಉಪನ್ಯಾಸಕ.

ಕಲ್ಲೇಶಿ: ಅತಿಥಿ ಅಂದ್ರೆ ದೇವರು ಕಣೋ!

ಸೀನ: ಅದಕ್ಕೇ ರಜೆ ಬಂದ ತಕ್ಷಣ ಬಾಗಿಲು ಹಾಕಿ ನೈವೇದ್ಯ ನಿಲ್ಲಿಸ್ತಾರೆ.

ಕಲ್ಲೇಶಿ: ನಮಗೆ ಮಗ್ಗಿ ಕಲಿಸಿದ ಮೇಷ್ಟ್ರು ಬರೀ ಟಿಸಿಎಚ್. ಹತ್ತೊಂಬತ್ತರ ಮಗ್ಗಿ ಇನ್ನೂ ಬಾಯಲ್ಲಿದೆ.

ಸೀನ: ಪಾಪ, ಅವರು ಒಂದು ಸೆಮಿನಾರಲ್ಲೂ ಪೇಪರ್ ಓದಿದವರಲ್ಲ.

ಕಲ್ಲೇಶಿ: ದಿನಾ ಓದ್ತಿದ್ರಲ್ಲೋ, ಪ್ರಜಾವಾಣಿ! ಪುರವಣಿ ಸಮೇತ.

ಸೀನ: ಬಿಲ್ಲೆಷ್ಟಾಯ್ತು?

ಕಲ್ಲೇಶಿ: ಹಳೇ ದೋಸ್ತಿಗೆ ಬಿಲ್ಲೆಂಥದು? ಸಂಜೆ ಹೊತ್ತು ಗಲ್ಲಾದಲ್ಲಿ ಕೂತ್ಕೋತೀಯಾ? ಪರ್ಮನೆಂಟು.

ಸೀನ: ಅರ್ಹತೆ ಏನಪ್ಪಾ?

ಕಲ್ಲೇಶಿ: ಹತ್ತೊಂಬತ್ತೇಳ್ಲಿ ಎಷ್ಟು, ಹೇಳು ನೋಡೋಣ.

ಸೀನ: ತಾಳು, ಸಾಹಿತ್ಯ ಸಮೀಕ್ಷೆಯಿಂದ ಶುರು ಮಾಡ್ತೀನಿ...