ಸಿಟಿಒ ಸಾಹೇಬರು ಯೋಚಿಸುತ್ತಿದ್ದಾರೆ

ಎಚ್‌ಎಸ್‌ಆರ್ ಲೇಔಟಿನ ಯಾವ ಅಡ್ಡರಸ್ತೆಗೆ ಹೋದರೂ ಇವರು ಸಿಗುತ್ತಾರೆ. ಕೆಳಗೆ ದರ್ಶಿನಿ, ಮೇಲೆ ಪಿಜಿ, ನಡುವಿನ ಮಹಡಿಯಲ್ಲಿ ಇವರ ಸ್ಟಾರ್ಟಪ್. ಕಂಪನಿಯಲ್ಲಿ ಇರುವುದೇ ಐದು ಜನ, ಅದರಲ್ಲಿ ಮೂವರು ‘ಚೀಫ್’. ಇವರು ತಂತ್ರಜ್ಞಾನದ ಚೀಫ್, ಸಿಟಿಒ. ಕೋಡ್ ಬರೆಯುವವಳು ತೀರ್ಥಹಳ್ಳಿ ಕಡೆಯಿಂದ ಬಂದ ಇಂಟರ್ನ್ ಹುಡುಗಿ. “ಇದು ಸ್ಟಾರ್ಟಪ್ಪು, ಸರ್ ಅನ್ನಬೇಡಿ” ಅಂತ ಮೊದಲ ದಿನವೇ ಹೇಳಿದ್ದಾರೆ. “ಆಯ್ತು ಸರ್” ಅಂದಿದ್ದಾಳೆ.

ವ್ಯಾಪಾರವೇನೋ ಸರಳ. ಅಪಾರ್ಟ್‌ಮೆಂಟಿನ ಹೆಂಗಸರಿಂದ ಬಟ್ಟೆ, ಅಳತೆ ಬ್ಲೌಸ್ ಎರಡನ್ನೂ ಈಸಿಕೊಂಡು ಬಂದು, ಟೈಲರ್ ಹತ್ತಿರ ಹೊಲಿಸಿ ಮನೆಗೆ ಮುಟ್ಟಿಸುವುದು. ಅದಕ್ಕೊಂದು ಆ್ಯಪ್. ಗಿರಾಕಿಗಳು ಕೇಳಿದ್ದು ಒಂದೇ: ‘ಅರ್ಜೆಂಟ್’ ಅಂತ ಒಂದು ಬಟನ್ ಇಡಿ.

ಸಾಹೇಬರು ವೈಟ್‌ಬೋರ್ಡ್ ಮುಂದೆ ನಿಂತರು. ಮಾರ್ಕರಿನ ಮುಚ್ಚಳ ತೆಗೆದು, ಒಮ್ಮೆ ಮೂಸಿ, ಎರಡು ಬಾಗಿಲಿನ ಚಿತ್ರ ಬಿಡಿಸಿದರು. ಅಮೆಜಾನಿನ ಜೆಫ್ ಬೆಜೋಸ್ 2016ರಲ್ಲಿ ಷೇರುದಾರರಿಗೆ ಬರೆದ ಪತ್ರದ ಬಾಗಿಲುಗಳವು. ಒಂದರಲ್ಲಿ ಹೋದರೆ ವಾಪಸು ಬರುವಂತಿಲ್ಲ, ಇನ್ನೊಂದರಲ್ಲಿ ತಳ್ಳಿ ನೋಡಿ, ಬೇಡವಾದರೆ ಹಿಂದಿರುಗಬಹುದು. ಬಹುಪಾಲು ನಿರ್ಧಾರಗಳು ಎರಡನೇ ಜಾತಿಯವು, ಅವನ್ನು ಬೇಗ ಮಾಡಿ ಮುಗಿಸಬೇಕು ಎನ್ನುವುದು ಪತ್ರದ ಸಾರ. ಸಾಹೇಬರಿಗೆ ಬಾಗಿಲು ಹಿಡಿಸಿತು, ‘ಬೇಗ’ ಹಿಡಿಸಲಿಲ್ಲ. ಬಟನ್ ಯಾವ ಬಾಗಿಲಿಗೆ ಸೇರಿದ್ದು ಎಂದು ಚರ್ಚಿಸುವಷ್ಟರಲ್ಲಿ ಗುರುವಾರ ಬಂತು.

ಶುಕ್ರವಾರ ‘ರೈಸ್’ ಲೆಕ್ಕ. ಅನ್ನದ್ದಲ್ಲ. ಎಷ್ಟು ಜನಕ್ಕೆ ಮುಟ್ಟುತ್ತದೆ, ಎಷ್ಟು ಪರಿಣಾಮ, ನಮಗೆಷ್ಟು ಖಾತ್ರಿ, ಈ ಮೂರನ್ನು ಗುಣಿಸಿ, ತಗಲುವ ಶ್ರಮದಿಂದ ಭಾಗಿಸುವ ವಿಧಾನ. ಬಟನ್ನಿಗೆ 41.6 ಅಂಕ ಬಂತು.

“ಇದು ಜಾಸ್ತಿನಾ, ಕಮ್ಮಿನಾ ಸರ್?”

“ಅದನ್ನ ಡಿಸೈಡ್ ಮಾಡೋಕೆ ಬೇರೆ ಫ್ರೇಮ್‌ವರ್ಕ್ ಬೇಕಾಗುತ್ತೆ.”

ಇಷ್ಟೆಲ್ಲ ಆದ ಮೇಲೆ ದಾಖಲೆ ಆಗಬೇಡವೇ? ತಾಂತ್ರಿಕ ನಿರ್ಧಾರಗಳನ್ನು ಒಂದೆರಡು ಪುಟದಲ್ಲಿ, ಕಾರಣ ಸಮೇತ ಬರೆದಿಡಿ ಎಂದು ಮೈಕೆಲ್ ನೈಗಾರ್ಡ್ ಎಂಬ ಎಂಜಿನಿಯರ್ 2011ರಲ್ಲೇ ಹೇಳಿದ್ದರು. ಮುಂದೆ ಬರುವವರಿಗೆ ‘ಇದ್ಯಾಕೆ ಹೀಗಿದೆ’ ಎಂದು ಗೊತ್ತಾಗಲಿ ಅಂತ. ಒಳ್ಳೆಯ ಪದ್ಧತಿ, ನಾನೂ ಒಪ್ಪುತ್ತೇನೆ. ನಮ್ಮ ಸಾಹೇಬರು ಬಟನ್ ಬಗ್ಗೆ ಒಂಬತ್ತು ಪುಟ ಬರೆದರು. ಫೋಲ್ಡರಿನಲ್ಲಿ ಅಂಥವು 22 ಇವೆ, ಒಂದನ್ನು ಬಿಟ್ಟು ಉಳಿದೆಲ್ಲದರ ಸ್ಥಿತಿಯೂ ‘ಪರಿಶೀಲನೆಯಲ್ಲಿದೆ’. ‘ಅಂಗೀಕೃತ’ ಆಗಿರುವುದು ಒಂದೇ: ಕಾಫಿ ಮೆಷಿನ್ ಬೇಡ, ಕೆಳಗಿನ ದರ್ಶಿನಿಯಿಂದ ತರಿಸೋಣ. ಅದನ್ನು ನಿರ್ಧರಿಸಿದವಳು ಇಂಟರ್ನ್.

ಹಾಗಂತ ಸಾಹೇಬರಿಗೆ ಥಟ್ಟನೆ ನಿರ್ಧರಿಸಲು ಬರುವುದಿಲ್ಲ ಅಂದುಕೊಳ್ಳಬೇಡಿ. ಮೂರು ವರ್ಷದ ಕ್ಲೌಡ್ ಕರಾರಿಗೆ, ಅದೂ ನಡುವೆ ರದ್ದು ಮಾಡಲಾಗದ ಕರಾರಿಗೆ, ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಆಟೋದೊಳಗೆ ಕೂತೇ ಒಪ್ಪಿಗೆ ಕೊಟ್ಟವರು. ಸಿಗ್ನಲ್ ಬಿಡುವಷ್ಟರಲ್ಲಿ ಹಣವೂ ಕಡಿತವಾಗಿತ್ತು. ಆಗ ಯಾವ ಬಾಗಿಲೂ ನೆನಪಾಗಲಿಲ್ಲ.

ಯಾವುದೋ ಮೀಟಪ್‌ನಿಂದ ಬಂದ ರಾತ್ರಿಯೇ ಇಡೀ ಆ್ಯಪನ್ನು ಹನ್ನೊಂದು ಮೈಕ್ರೋಸರ್ವಿಸ್‌ಗಳಾಗಿ, ಅಂದರೆ ಬಿಡಿಬಿಡಿಯಾಗಿ ಓಡುವ ಪುಟ್ಟ ಪ್ರೋಗ್ರಾಂಗಳಾಗಿ, ಒಡೆಸಿದ್ದೂ ಇವರೇ. ತಲೆಗೆ ಎರಡರಂತೆ ಹಂಚಿದರೂ ಒಂದು ಮಿಗುತ್ತದೆ. ಫೇಸ್‌ಬುಕ್ 2012ರಲ್ಲಿ ನೂರು ಕೋಟಿ ಡಾಲರ್ ಕೊಟ್ಟು ಕೊಳ್ಳಲು ಹೊರಟಾಗ ಇನ್‌ಸ್ಟಾಗ್ರಾಮಿನಲ್ಲಿ ಇದ್ದವರು 13 ಜನ. ಅವರು ನೆಚ್ಚಿಕೊಂಡಿದ್ದು ಜಾಂಗೊ, ಪೋಸ್ಟ್‌ಗ್ರೆಸ್‌ನಂಥ ಎಲ್ಲರಿಗೂ ಗೊತ್ತಿದ್ದ ಸಾಮಾನುಗಳನ್ನು. ಹುಡುಗಿ ಇದನ್ನು ಮೆಲ್ಲಗೆ ಹೇಳಿ ನೋಡಿದಳು. “ಅವರದು ಬರೀ ಫೋಟೋ, ನಮ್ಮದು ಬ್ಲೌಸು” ಅಂದರು ಸಾಹೇಬರು. ವಾದಿಸುವುದಾದರೂ ಹೇಗೆ?

ಕಂಪನಿಯೊಳಗಿನ ಮಾತುಕತೆ ಹೇಗಿರುತ್ತದೋ ಅದು ಕಟ್ಟುವ ಸಾಫ್ಟ್‌ವೇರೂ ಹಾಗೇ ಇರುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲಿ ಬರೆದರು. ಇಲ್ಲಿ ಷೇರು ಹಂಚಿಕೆಯ ದಿನದಿಂದ ಸಿಇಒಗೂ ಸಿಟಿಒಗೂ ಮಾತಿಲ್ಲ. ಆರ್ಡರ್ ಸರ್ವಿಸ್ಸಿಗೂ ಪೇಮೆಂಟ್ ಸರ್ವಿಸ್ಸಿಗೂ ಇಲ್ಲ.

ಇಷ್ಟಾದರೂ ಬ್ಲೌಸುಗಳು ಹೊತ್ತಿಗೆ ಸರಿಯಾಗಿ ಮನೆ ಸೇರುತ್ತಿರುವುದು ಟೈಲರ್ ಮಾಸ್ಟರ್ ದೆಸೆಯಿಂದ. ಗಿರಾಕಿ ಫೋನ್ ಮಾಡಿದರೆ ಹುಡುಗಿ ಮಾಸ್ಟರಿಗೆ ವಾಟ್ಸಾಪ್ ಹಾಕುತ್ತಾಳೆ. ಅವರು ಬಿಲ್ ಬುಕ್ಕಿನಲ್ಲಿ ಆ ಹೆಸರಿನ ಕೆಳಗೆ ಕೆಂಪು ಪೆನ್ನಿನಿಂದ ಎರಡು ಗೀಟು ಎಳೆಯುತ್ತಾರೆ. ಅರ್ಜೆಂಟ್ ಅಂದರೆ ಅಷ್ಟೇ. ಆ ಸರ್ವರ್ ಡೌನ್ ಆಗುವುದು ಮಧ್ಯಾಹ್ನ ಊಟದ ಹೊತ್ತಿಗೆ, ಅರ್ಧ ಗಂಟೆ.

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂತು. ಆ್ಯಪಿನಲ್ಲಿ ಬಟನ್ ಹುಡುಕುತ್ತಾ ಕೂರಬೇಡಿ, ಅದಿನ್ನೂ ಪರಿಶೀಲನೆಯಲ್ಲಿದೆ. ನೇರವಾಗಿ ಮಾಸ್ಟರಿಗೇ ಫೋನ್ ಮಾಡಿ. ಲೈನಿಂಗ್ ಬಟ್ಟೆ ಮಾತ್ರ ನೀವೇ ಕೊಡಬೇಕು.