ಕೆಸರಿನೋಟದ ಮಹಾತ್ಮೆ
ಬೇಸಗೆಯಲ್ಲಿ ಥೇಮ್ಸ್ ನದಿಯಲ್ಲಿ ದೋಣಿಗೆ ಹುಟ್ಟು ಹಾಕುತ್ತಿದ್ದ ಲಂಡನ್ನಿನ ಮಹನೀಯರು, ಚಳಿಗಾಲದಲ್ಲಿ ದೇಹ ಜಡವಾದೀತೆಂಬ ಭಯದಿಂದ 1868ರಲ್ಲಿ ‘ಥೇಮ್ಸ್ ಹೇರ್ ಅಂಡ್ ಹೌಂಡ್ಸ್’ ಎಂಬ ಓಟದ ಸಂಘವನ್ನು ಕಟ್ಟಿದರು. ಒಬ್ಬಿಬ್ಬರು ಮೊಲಗಳಾಗಿ ಕಾಗದದ ಚೂರುಗಳನ್ನು ಚೆಲ್ಲುತ್ತ ಮುಂದೋಡುವುದು, ಮಿಕ್ಕವರು ಬೇಟೆನಾಯಿಗಳಾಗಿ ಅವನ್ನರಸುತ್ತ ಬೆನ್ನಟ್ಟುವುದು! ಪ್ರಾಪ್ತವಯಸ್ಕರ ವಿನೋದವಿದು. ಮಳೆಯಿರಲಿ, ಹಿಮವಿರಲಿ, ಕಣಕಾಲು ಮುಳುಗುವ ಕೆಸರಿರಲಿ, ಓಟ ನಿಲ್ಲದು; ಆ ದೇಶದಲ್ಲಿ ಆಕಾಶ ತಿಳಿಯಾಗಲೆಂದು ಕಾದು ಕುಳಿತವನಿಗೆ ಓಡುವ ಪ್ರಸಂಗವೇ ಒದಗದಷ್ಟೆ. ಒಂದು ಬೂಟನ್ನು ಭೂದೇವಿಗೆ ಸಮರ್ಪಿಸಿ ಒಂಟಿ ಬೂಟಿನಲ್ಲಿ ಗುರಿ ಮುಟ್ಟಿದವನೂ ಇಂಥ ಓಟದಲ್ಲಿ ವೀರನೇ. ಆದರೆ ಬಿಸಿಲಿನೆದುರು ಈ ಶೌರ್ಯ ಸಾಗಲಿಲ್ಲ: 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಇದೇ ಬಗೆಯ ಗುಡ್ಡಗಾಡು (ಕ್ರಾಸ್ ಕಂಟ್ರಿ) ಓಟಕ್ಕೆ ಸುಡುಬಿಸಿಲಲ್ಲಿ ಹೊರಟ 38 ಮಂದಿಯಲ್ಲಿ ಓಟ ಮುಗಿಸಿದವರು ಹದಿನೈದೇ ಜನ, ಗೆದ್ದವನು ಫಿನ್ಲೆಂಡಿನ ಪಾವೋ ನೂರ್ಮಿ. ಆಮೇಲೆ ಒಲಿಂಪಿಕ್ಸಿನವರು ಈ ಓಟವನ್ನೇ ಕೈಬಿಟ್ಟರು.